ಗಾಜು ಏರಿಸಿ ನೋಡಿದ ಸಮುದ್ರ

ಇಂದು ಊಟಕ್ಕೆ ಕೂತು ಡಬ್ಬಿಯಿಂದ ಖಡಕ್ ರೊಟ್ಟಿ ತೆಗೆದರೆ ಅದು ಮುರಿಯಲಿಲ್ಲ, ಬಾಗಿತು. ಈ ಮಳೆಯಲ್ಲಿ ಮುಚ್ಚಳ ಹಾಕಲು ಮರೆತವನು ನಾನೇ. ನಮ್ಮ ಸೊಲ್ಲಾಪುರದ ಕಡೆ ಇದು ಸಣ್ಣ ತಪ್ಪಲ್ಲ ನೋಡಿ. ಜೋಳದ ಈ ರೊಟ್ಟಿ ಹಪ್ಪಳದಂತೆ ಒಣಗಿ ತಿಂಗಳುಗಟ್ಟಲೆ ಇರಬೇಕು. ಮುರಿದರೆ ಸದ್ದು ಪಕ್ಕದ ಮನೆಗೆ ಕೇಳಬೇಕು. ಬಡಿದು ತಂದವಳು ಆತ್ಯಾ, ಅಂದರೆ ನನ್ನ ಸೋದರತ್ತೆ. ಅಕ್ಕಲಕೋಟದಿಂದ ಬಂದು ಎದುರಿಗೇ ಕೂತಿದ್ದಾಳೆ! ರೊಟ್ಟಿಯನ್ನು ಮೆಲ್ಲಗೆ ತಟ್ಟೆಯಡಿ ಸರಿಸಿದೆ. ಕೈ ಅಲ್ಲಿದ್ದರೂ ಮನಸ್ಸು ಕೊಂಕಣಕ್ಕೆ ಓಡಿತು.

ಮೂರು ವರ್ಷದ ಹಿಂದಿನ ಮಾತು. ಸಮುದ್ರದ ದಂಡೆಗುಂಟ ಕಾರಿನಲ್ಲಿ ತಿರುಗಿ ಬರೋಣವೆಂದು ನಾನೂ ಹೆಂಡತಿ ವಿಜಯಾನೂ ಹೊರಟಾಗ ಆತ್ಯಾ ಜೊತೆಗೂಡಿದಳು. ಮಾಲವಣದಲ್ಲಿ ಅವಳ ಬಾಲ್ಯದ ಗೆಳತಿ ಕಮಲಾ ಇದ್ದಾಳೆ. ಮದುವೆಯಾಗಿ ಹೋದವಳು ಫೋನಿನಲ್ಲಿ ಬೇಡಿದ್ದು ಒಂದೇ.

"ಗಂಗೂ, ನಿನ್ನ ಕೈಯಾಗಿನ ಖಡಕ್ ರೊಟ್ಟಿ ತಾ. ನಾ ಹಲ್ಲಿನ ಸೆಟ್ ಹಾಕ್ಸೀನಿ, ಕಡ್ಯಾಕ ಆಗೂದಿಲ್ಲ. ಮುರದ್ರ ಕಟ್ ಅಂತದಲ್ಲ, ಅಷ್ಟ ಕೇಳಬೇಕು."

ಆ ಒಂದು 'ಕಟ್' ಅನ್ನು ಆತ್ಯಾ ಅಕ್ಕಲಕೋಟದಿಂದ ಹೊತ್ತು ತಂದಳು. ಸ್ಟೀಲಿನ ಡಬ್ಬಿ, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ನನ್ನ ಅಂಗಡಿಯ ಎರಡು ಚಾದರ. ಹಸುಗೂಸಿಗೂ ಯಾರೂ ಹಾಗೆ ಹೊದಿಸುವುದಿಲ್ಲ.

ಘಟ್ಟ ಇಳಿದು ದೇವಗಡದಲ್ಲಿ ತಂಗಿ, ಬೆಳಿಗ್ಗೆ ಮಾಲವಣದ ದಾರಿ ಹಿಡಿದೆವು. ಕುಣಕೇಶ್ವರದ ಬಳಿ ಒಂದು ತಿರುವು. ತಿರುಗಿದೊಡನೆ ಬಲಗಡೆ ಸಮುದ್ರ! ನಾನು ಕೂಗುತ್ತ ಗಾಜು ಇಳಿಸಿದೆ.

"ಕಾಚ ಏರ್ಸೋ! ರೊಟ್ಟಿ ಮೆತ್ತಗಾಗ್ತಾವ!" ಹಿಂದಿನಿಂದ ಆತ್ಯಾ. ನಮ್ಮ ಕಡೆ ಗಾಜಿಗೆ ಕಾಚ ಎನ್ನುತ್ತಾರೆ.

"ಆತ್ಯಾ, ಸಮುದ್ರ ಬಂದದ!"

"ಅದಕ್ಕ ಹೇಳಾಕತ್ತೀನಿ. ಸಮುದ್ರ ನಾಳಿನೂ ಇಲ್ಲೇ ಇರ್ತದ. ರೊಟ್ಟಿ ಇರ್ತಾವೇನ?"

ಗಾಳಿಗೆ ಹಾರಲೆಂದೇ ನಾನು ಹೂವಿನ ಚಿತ್ತಾರದ ಅಂಗಿ ಕೊಂಡಿದ್ದೆ. ಅದು ಮೈಗಂಟಿಕೊಂಡು ತೆಪ್ಪಗೆ ಕೂತಿತು.

"ಆತ್ಯಾ, ಮುಚ್ಚಳಾ ತಗದು ಒಮ್ಮಿ ನೋಡ್ರಲ್ಲಾ," ಎಂದಳು ವಿಜಯಾ.

"ತಗದ್ರ ಗಾಳಿ ಒಳಗ ಹೋಗ್ತದಲ್ಲವಾ!"

ಎಸಿಯ ತಂಪಿಗೆ ಮುಂದಿನ ಗಾಜು ಹೊರಗಡೆ ಬೆವರಿತು. ಕೈ ಹೊರಗೆ ಚಾಚುವಂತಿಲ್ಲ, ವೈಪರ್ ಹಾಕಿದೆ. ಒಳ್ಳೆಯ ಬಿಸಿಲಿನಲ್ಲಿ ವೈಪರ್ ಹೊಡೆಯುತ್ತ ಹೋಗುವ ಕಾರನ್ನು ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ನಿಂತು ನೋಡಿದರು. ಮೊದಲು ನಕ್ಕವಳು ವಿಜಯಾ, ಆಮೇಲೆ ನಾನು, ಕೊನೆಗೆ ಡಬ್ಬಿ ಅಪ್ಪಿಕೊಂಡೇ ಆತ್ಯಾ. ನಳದಲ್ಲಿ ನೀರು ಬಂತೆಂದರೆ ಕೊಡ ಹಿಡಿದು ಓಡುವ ಊರಿನವರು ನಾವು. ಇಷ್ಟು ನೀರನ್ನು ಸುಮ್ಮನೆ ನೋಡುವುದು ಹೇಗೆ ಹೇಳಿ? ಮಿಠಬಾವ, ಆಚರಾ, ಎಲ್ಲವೂ ಗಾಜಿನಾಚೆ ಸದ್ದಿಲ್ಲದೆ ದಾಟಿದವು.

ಮಾಲವಣ ಮುಟ್ಟಿದಾಗ ಕಮಲಾ ಅಂಗಳದಲ್ಲೇ ಆತ್ಯಾಳನ್ನು ತಬ್ಬಿಕೊಂಡಳು. ಚಾದರ ಬಿಚ್ಚಿದ್ದಾಯಿತು, ಮುಚ್ಚಳ ತೆಗೆದದ್ದಾಯಿತು. ಆತ್ಯಾ ಒಂದು ರೊಟ್ಟಿಯನ್ನು ಗೆಳತಿಯ ಕಿವಿಯ ಹತ್ತಿರ ಹಿಡಿದು ಮುರಿದಳು.

ಅದು ಕರವಸ್ತ್ರದಂತೆ ಮಡಚಿಕೊಂಡಿತು. ಇನ್ನೊಂದು ತೆಗೆದಳು, ಅದೂ ಹಾಗೇ. ಮೂರನೆಯದಕ್ಕೆ ಆತ್ಯಾಳ ಕೈ ಹೋಗಲಿಲ್ಲ. ಅವಳ ಮುಖ ನೋಡಲಾರದೆ ನಾನು ಅಂಗಿಯ ಹೂವು ನೋಡಿದೆ.

ಕಮಲಾ ಆ ರೊಟ್ಟಿಯನ್ನೇ ಕಿತ್ತುಕೊಂಡು, ಶೇಂಗಾ ಚಟ್ನಿ ಸವರಿ, ಸುರುಳಿ ಸುತ್ತಿ ಕಚ್ಚಿದಳು. ಕಣ್ಣು ಅರಳಿತು.

"ಏ ಗಂಗೂ, ಕಡ್ಯಾಕ ಬರಾಕತ್ತದ! ಕಟ್ ಅಂದಿದ್ರ ಬರೇ ಕೇಳಿ ಕುಂಡ್ರಬೇಕಾಗ್ತಿತ್ತು!"

ಎರಡು ರೊಟ್ಟಿ ಮುಗಿಸಿದ ಮೇಲೆ ನಮ್ಮ ಪ್ರಯಾಣದ ಕಥೆ ಕೇಳಿ ಹಣೆ ಚಚ್ಚಿಕೊಂಡಳು. "ಅಷ್ಟೂ ದಾರಿ ಕಾಚ ಏರ್ಸಿ ಬಂದ್ರೇನ? ಹುಚ್ಚ ಮಂದಿ! ಏಳ್ರಿ, ಗಾಡಿ ತಗೀರಿ!"

ಅದೇ ದಾರಿ, ಈಗ ನಾಲ್ಕೂ ಗಾಜು ಕೆಳಗೆ. ಗಾಳಿ ನುಗ್ಗಿದ ರಭಸಕ್ಕೆ ಆತ್ಯಾಳ ಸೆರಗು ಕಿಟಕಿಯಾಚೆ ಬಾವುಟವಾಯಿತು. ತೆರೆ ಎದ್ದಾಗಲೆಲ್ಲ ಹಿಂದಿನ ಸೀಟಿನ ಇಬ್ಬರು ಮುದುಕಿಯರು ಜೋಕಾಲಿಯ ಮೇಲಿನ ಹುಡುಗಿಯರಂತೆ ಕಿರುಚಿದರು. ನನ್ನ ಅಂಗಿ ಬಲೂನಿನಂತೆ ಉಬ್ಬಿತು. ನಮ್ಮೂರಿನ ಹೋಟಗಿ ರಸ್ತೆಯಲ್ಲಿ ಎತ್ತಿನ ಗಾಡಿ ನಮ್ಮನ್ನು ದಾಟಿದರೂ "ಸಾವಕಾಶೋ" ಎನ್ನುವ ಆತ್ಯಾ ಅಂದು ನನ್ನ ಭುಜ ತಟ್ಟಿ ತಟ್ಟಿ, "ಇನ್ನೂ ಜೋರ ಹೊಡಿಯೋ!" ಎಂದಳು.

"ಏನ್ ಮುಚ್ಚಾಕತ್ತಿ ತಾಟಿನ ಬುಡಕ?"

ಕೊಂಕಣದಿಂದ ಇಂದಿನ ಊಟಕ್ಕೆ ಮರಳಿದೆ, ಸಿಕ್ಕಿಬಿದ್ದೆ. ಆತ್ಯಾ ರೊಟ್ಟಿ ಎಳೆದುಕೊಂಡು ಎತ್ತಿ ಹಿಡಿದಳು. ಅದು ನಾಚಿಕೆಯಿಲ್ಲದೆ ಜೋತುಬಿತ್ತು. ಬೈಗುಳಕ್ಕೆ ತಲೆ ತಗ್ಗಿಸಿದೆ. ಅವಳು ಚಟ್ನಿ ಸವರಿದಳು, ಸುರುಳಿ ಸುತ್ತಿದಳು, ಕಚ್ಚಿದಳು.

"ಕಮಲಿಗಿ ಫೋನ ಹಚ್ಚು," ಎಂದಳು. "ಆಮ್ಯಾಲ ಹೋಗಿ, ಕಾರಿನ ಕಾಚ ಸರಿ ಇಳಿತಾವೋ ಇಲ್ಲೋ ನೋಡಿ ಬಾ."