ಮೂಡಲಕ್ಕೆ ಕಾಲು

ಸುವಾರ್ತಮ್ಮ ಟೀಚರ್ ಎದುರಿಗೆ ಯಾರೂ ‘ಸತ್ತರು’ ಎನ್ನುವಂತಿರಲಿಲ್ಲ. ‘ಮಲಗ್ಯಾರ ಅನ್ರಿ. ಮಲಗಿದವರು ಏಳ್ತಾರ’ ಎಂದು ತಿದ್ದುತ್ತಿದ್ದರು. ಒಮ್ಮೆ ನಮ್ಮ ಶಾಲೆಯ ನಿವೃತ್ತ ಹೆಡ್‌ಮಾಸ್ತರರು ತೀರಿಕೊಂಡಾಗ ಬೆಳಗಿನ ಪ್ರಾರ್ಥನೆಯಲ್ಲಿ ಇವರೇ ಸುದ್ದಿ ಹೇಳಿದರು: ‘ಹಳೇ ಹೆಡ್‌ಮಾಸ್ತರು ಮಲಗ್ಯಾರ, ಅದಕ್ಕ ಇವತ್ತು ಸೂಟಿ.’ ನಾಲ್ಕನೆಯ ತರಗತಿಯ ಮಕ್ಕಳು ಹೋ ಎಂದು ನಕ್ಕು, ದಿನಾ ಮಲಗಲಿ ಎಂದು ಕೂಗಿದವು. ಗದರಬೇಕಾದ ಟೀಚರ್ ತಾವೂ ನಕ್ಕುಬಿಟ್ಟರು.

ನಾವಿಬ್ಬರೂ ಕಲಬುರಗಿಯಿಂದ ಕಮಲಾಪುರದ ಶಾಲೆಗೆ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಅವರದು ಕ್ರೈಸ್ತ ಮನೆತನ, ನಮ್ಮದು ಲಿಂಗಾಯತರದು. ನನ್ನ ಬಾಯಿ ಮೊದಲೇ ಸುಮ್ಮನಿರುವುದಲ್ಲ. ಸತ್ತ ಮೇಲಿನ ಸಂಗತಿಯನ್ನು ಬಸ್ಸಿನ ವೇಳಾಪಟ್ಟಿಯ ಹಾಗೆ ಖಚಿತವಾಗಿ ಹೇಳುವವರು ಪಕ್ಕದಲ್ಲೇ ಸಿಕ್ಕ ಮೇಲೆ ಕೇಳಬೇಕೆ?

‘ನಾವು ಕುಂದ್ರಿಸಿ ಮಣ್ಣು ಕೊಡ್ತೀವ್ರಿ ಟೀಚರ್. ನೀವ್ಯಾಕ ಮಲಗಸ್ತೀರಿ?’ ಎಂದೆ ಒಂದು ದಿನ.

‘ಪಡುವಲಕ್ಕ ತಲಿ, ಮೂಡಲಕ್ಕ ಕಾಲು ಮಾಡಿ ಮಲಗಸ್ತೀವಿ. ಕಡೀ ದಿನ ಕರ್ತ ಯೇಸು ಮೂಡಲ ಕಡಿಂದ ಬರ್ತಾನ. ತುತ್ತೂರಿ ಕೇಳಿ ಎದ್ದು ಕುಂತ್ರ ಸೀದಾ ಆತನ ಮಾರಿ ಕಾಣಬೇಕು.’

‘ಅಲ್ಲೀತನಕ ಜೀವ ಎಲ್ಲಿರ್ತದ?’

‘ಆತನ ಹಂತ್ಯಾಕ.’

‘ಜೀವ ಅಲ್ಲೇ ಇದ್ದ ಮ್ಯಾಲ ಮತ್ತ ಮಣ್ಣಾಗಿಂದ ಯಾಕ ಏಳಬೇಕು?’

‘ಜೀವಕ್ಕ ಮೈ ಬ್ಯಾಡೇನವ್ವ? ಹೊಸಾ ಮೈ ಕೊಡ್ತಾನ. ಅದಕ್ಕ ಮೊಣಕಾಲು ಬ್ಯಾನಿ ಇರೂದಿಲ್ಲ’ ಎಂದು ತಮ್ಮ ಮೊಣಕಾಲು ನೀವಿಕೊಂಡರು.

‘ಅಲ್ಲಿ ಭೀ ಪ್ರಭುದಾಸ ಅವರೇ ನಿಮ್ಮ ಯಜಮಾನ್ರೇನ್ರಿ?’

‘ಇಲ್ಲ. ಅಲ್ಲಿ ಮದಿವಿ ಗಿದಿವಿ ಇಲ್ಲಂತ ಬೈಬಲ್ ವಾಕ್ಯದಾಗ ಅದ.’ ಹಾಗೆಂದು ತಾವೇ ಸೇರಿಸಿದರು: ‘ಅದೊಂದು ನನಗ ಭೀ ಪೂರಾ ತಿಳದಿಲ್ಲ.’

ಪ್ರಭುದಾಸ ಅವರು ಕಮಲಾಪುರದವರು. ಒಳ್ಳೆಯ ಮನುಷ್ಯ, ದಿಕ್ಕಿನ ಜ್ಞಾನ ಮಾತ್ರ ಸೊನ್ನೆ. ಕಲಬುರಗಿ ಬಸ್‌ನಿಲ್ದಾಣದಲ್ಲಿ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಬಿಟ್ಟು ಜೇವರ್ಗಿ ಬಸ್ಸು ಹತ್ತಿ ನಿಶ್ಚಿಂತೆಯಿಂದ ಕೂತಿರುತ್ತಿದ್ದರು. ಟೀಚರ್ ಹೋಗಿ ತೋಳು ಹಿಡಿದು ಇಳಿಸಿ ತರುವುದನ್ನು ನಾನೇ ಎರಡು ಸಲ ಕಂಡಿದ್ದೇನೆ.

ಅವರು ತೀರಿಕೊಂಡಾಗ ಟೀಚರ್ ಆಪರೇಷನ್ ಆಗಿ ದವಾಖಾನೆಯಲ್ಲಿ ಮಲಗಿದ್ದರು. ಕಮಲಾಪುರದಲ್ಲಿ ಕ್ರೈಸ್ತರ ಕುಣಿ ತೋಡುವವನು ಅಂದು ಊರಲ್ಲಿರಲಿಲ್ಲ. ಸಂಬಂಧಿಕರು ಖಬರಸ್ತಾನದಲ್ಲಿ ತೋಡುವ ಬಾಬಾಮಿಯಾನನ್ನು ಕರೆತಂದರು. ಅವನು ಮುಸಲ್ಮಾನರಿಗೆ ತೋಡಿ ತೋಡಿ ರೂಢಿಯಾದ ಕೈಯಲ್ಲಿ ಉತ್ತರ-ದಕ್ಷಿಣವಾಗಿಯೇ ತೋಡಿದ. ಗಡಿಬಿಡಿಯಲ್ಲಿ ಪೆಟ್ಟಿಗೆ ಇಳಿಸಿದವರಿಗೂ ಅದು ಹೊಳೆಯಲಿಲ್ಲ.

ಒಂದು ತಿಂಗಳ ಮೇಲೆ ಟೀಚರನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಮೂಡಲಕ್ಕೆ ಕಾಲು ಚಾಚಿದ ಸಮಾಧಿಗಳ ಕೊನೆಯಲ್ಲಿ, ಗೋಡೆಯ ಹತ್ತಿರ ಅದೊಂದೇ ಅಡ್ಡ. ‘ಅಯ್ಯ, ಇಲ್ಲಿ ಭೀ ತಪ್ಪು ಬಸ್ಸೇ ಹತ್ಯಾರಲ್ಲ!’ ಎಂದು ನಕ್ಕ ಟೀಚರ್ ಆ ನಗೆಯಲ್ಲೇ ಅಳತೊಡಗಿದರು. ನನಗೂ ತಡೆಯಲಾಗಲಿಲ್ಲ.

ಸುದ್ದಿ ತಿಳಿದು ಬಂದ ಬಾಬಾಮಿಯಾ ಕಿವಿ ಹಿಡಿದುಕೊಂಡ. ‘ಗಲತಿ ಆತ್ರಿ ಅಮ್ಮಾ. ನಮ್ಮ ಮಂದಿಗಿ ಹಿಂಗೇ ತೋಡ್ತೀವಿ.’

‘ನಿನ್ನ ಪ್ರಕಾರ ನೀ ಸರೀನೇ ಮಲಗಿಸೀದಿ, ಬಿಡಪ್ಪ’ ಎಂದು ಅವನನ್ನೇ ಸಮಾಧಾನ ಮಾಡಿದರು.

ಪಾಸ್ಟರ್ ಮತ್ತೆ ತೆಗೆದು ಮಲಗಿಸಲು ಒಪ್ಪಲಿಲ್ಲ. ‘ದೇವರಿಗೆ ದಿಕ್ಕಿನ ಹಂಗಿಲ್ಲಮ್ಮ’ ಎಂದರು.

‘ದೇವರಿಗಿ ಇಲ್ರಿ. ನಮ್ಮ ಯಜಮಾನ್ರಿಗಿ ಅದ’ ಎಂದರು ಟೀಚರ್.

ಕೆಲವು ವರ್ಷಗಳ ಮೇಲೆ ಟೀಚರಿಗೆ ವಾಸಿಯಾಗದ ಕಾಯಿಲೆ ಬಂತು. ತಮ್ಮ ಜಾಗದ ಮಾತನ್ನು ಅವರೇ ಎತ್ತಿದರು. ಪ್ರಭುದಾಸರ ಸಮಾಧಿಗೂ ಗೋಡೆಗೂ ನಡುವೆ ಒಂದು ಕಿರಿದಾದ ಪಟ್ಟಿ ಉಳಿದಿತ್ತು. ಅಲ್ಲಿ ಮಲಗಿದರೆ ಅವರ ಹಾಗೆ ಅಡ್ಡವೇ ಮಲಗಬೇಕು. ಮೂಡಲಕ್ಕೆ ಕಾಲು ಚಾಚಬೇಕೆಂದರೆ ಹೊಸ ಸಾಲಿಗೆ, ಅವರಿಂದ ದೂರ ಹೋಗಬೇಕು. ಹುಟ್ಟಿದಂದಿನಿಂದ ನಂಬಿದ್ದು ಒಂದು ಕಡೆ, ಗಂಡ ಒಂದು ಕಡೆ. ಟೀಚರ್ ಸರಿಯಾಗಿ ಊಟ ಮಾಡಲಿಲ್ಲ, ಪ್ರಾರ್ಥನೆಗೆ ಕೂತರೆ ಬೇಗ ಏಳಲಿಲ್ಲ. ಯಾವಾಗಲೂ ಪ್ರಶ್ನೆ ಕೇಳುತ್ತಿದ್ದ ನನ್ನನ್ನು ಮೊದಲ ಸಲ ಅವರೇ ಕೇಳಿದರು: ‘ನೀ ಏನಂತಿ ಮಹಾದೇವಿ?’

ಮುಂದಿನ ಭಾನುವಾರ ಹೋದಾಗ ಅವರ ಮುಖ ತಿಳಿಯಾಗಿತ್ತು.

‘ಗ್ವಾಡಿ ಮಗ್ಗಲದ್ದೇ ಸಾಕಂತ ಹೇಳೀನಿ’ ಎಂದರು.

‘ಅಲ್ಲಿ ಮದಿವಿ ಇಲ್ಲಂದಿದ್ರಿ?’

‘ಇಲ್ಲ. ಗಂಡ ಅಂತ ಬ್ಯಾಡ, ದಾರಿ ತಪ್ಪಿದ ಮನಷ್ಯಾ ಅಂತ ತಿಳಕೋ. ನಾ ಒಬ್ಬಾಕಿನೇ ಹೋಗಿ ಕರ್ತನ ಮುಂದ ನಿಂತ್ರ, ಪ್ರಭುದಾಸ ಎಲ್ಲಿ ಅಂತ ಕೇಳೂದಿಲ್ಲೇನು?’

ಅದೇ ನಮ್ಮ ಕೊನೆಯ ಭೇಟಿ. ಅವರು ಹೇಳಿದ ಹಾಗೆಯೇ, ಗೋಡೆಯ ಪಕ್ಕದ ಇಕ್ಕಟ್ಟಿನಲ್ಲಿ ಅವರಿಗೆ ಮಣ್ಣು ಕೊಟ್ಟರು. ತುತ್ತೂರಿ ಕೇಳಿ ಇಬ್ಬರೂ ಎದ್ದು ಕೂರುತ್ತಾರೆ, ಟೀಚರ್ ಪ್ರಭುದಾಸರ ತೋಳು ಹಿಡಿದು ಮೂಡಲಕ್ಕೆ ತಿರುಗಿಸುತ್ತಾರೆ ಎಂದು ನಾನು ನಂಬುತ್ತೇನೆಯೇ? ಗೊತ್ತಿಲ್ಲ. ಆದರೆ ಹಾಗೆ ಆಗದೇ ಹೋದರೆ ನನಗೆ ಬಹಳ ಸಿಟ್ಟು ಬರುತ್ತದೆ.