ಕಾಸುಂದಿ ಬಾಟಲಿಯ ಚೀಟಿಗಳು

ಮೊನ್ನೆ ಹೊಸ ಕಾಸುಂದಿ ಬಾಟಲಿಯ ಮುಚ್ಚಳ ತಿರುಗಿಸಿದ್ದೇ ತಡ, ಘಾಟು ನೆತ್ತಿಗೇರಿತು. ಕೋಲ್ಕತ್ತಾದವರ ಈ ಸಾಸಿವೆ ಗೊಜ್ಜು ನಮ್ಮ ಅಡುಗೆಮನೆ ಸೇರಿ ವರ್ಷಗಳಾದವು. ಕಣ್ಣಲ್ಲಿ ನೀರು ಬಂದದ್ದು ಘಾಟಿಗೇ ಎಂದುಕೊಂಡೆ... ಅಷ್ಟರಲ್ಲಿ ಎದುರುಮನೆಯ ಮೇಷ್ಟ್ರು ನೆನಪಾದರು, ಜೊತೆಗೇ ಹಳೇ ಸಿಟ್ಟೂ.

ಮೈಸೂರು ಕಡೆಯವರು, ಇಲ್ಲೇ ಕೋಲ್ಕತ್ತಾದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ಇಡೀ ಕಟ್ಟಡದಲ್ಲಿ ಕನ್ನಡ ಮಾತಿಗೆ ಸಿಗುತ್ತಿದ್ದವರು ಅವರೊಬ್ಬರೇ. ಕಷ್ಟ ಹೇಳಿಕೊಳ್ಳಲು ಹೋದರೆ ‘ಅಯ್ಯೋ ಪಾಪ’ ಎನ್ನುವುದಕ್ಕೂ ಬರ! ನಮ್ಮನ್ನು ಕಾಡುವುದು ನಡೆದ ಸಂಗತಿಯಲ್ಲ, ಅದಕ್ಕೆ ನಾವು ಕಟ್ಟಿಕೊಳ್ಳುವ ಅರ್ಥ ಎನ್ನುವುದು ಅವರ ಶಾಸ್ತ್ರ.

ನ್ಯೂ ಟೌನಿನಿಂದ ಮಗಳು ಬರುವುದು ತಡವಾದ ಒಂದು ಸಂಜೆ ಅವರ ಬಾಗಿಲು ಬಡಿದೆ.

“ಬಸ್ಸು ಎಲ್ಲೋ ಮಗುಚಿದೆ ಸರ್!”

“ಆಧಾರ ಏನಮ್ಮಾ?”

“ಫೋನ್ ತೆಗೀತಿಲ್ಲ.”

“ಅದು ನಡೆದದ್ದು. ಬಸ್ಸು ಮಗುಚಿದ್ದು ನೀವು ಸೇರಿಸಿದ್ದು. ತೊಗೊಳ್ಳಿ, ಏನಾಗಿದೆ ಅಂತ ಹೆದರಿದ್ದೀರೋ ಅದನ್ನ ಬರೀರಿ.”

ಕೈಗೆ ಚೀಟಿ, ಪೆನ್ನು. ಹೆತ್ತ ಹೊಟ್ಟೆ ಉರಿಯುವಾಗ ಪರೀಕ್ಷೆ ಬರೆಸುವ ಮನುಷ್ಯನಿಗೆ ಏನನ್ನಬೇಕು? ಹಲ್ಲು ಕಚ್ಚಿಕೊಂಡು ಬರೆದೆ. ಚೀಟಿಯನ್ನು ತೊಳೆದಿಟ್ಟ ಕಾಸುಂದಿ ಬಾಟಲಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಮಗಳು ಝಾಲ್‌ಮುರಿ ಮಂಡಕ್ಕಿ ಮೆಲ್ಲುತ್ತಾ ಮೆಟ್ಟಿಲು ಹತ್ತಿದಳು. “ಫೋನ್ ಡೆಡ್ ಆಗಿತ್ತು ಅಮ್ಮಾ. ಸೋ ವಾಟ್?” ಮೇಷ್ಟ್ರು ಚೀಟಿ ತೆಗೆದು ನನ್ನ ಕೈಲೇ ಜೋರಾಗಿ ಓದಿಸಿದರು. ಅವಳೆದುರೇ!

ಹೀಗೆ ಎಷ್ಟು ಚೀಟಿಗಳೋ... ಸಿಯಾಲ್ದಾದಲ್ಲಿ ರೈಲ್ವೆ ಕೆಲಸದಲ್ಲಿದ್ದ ನನ್ನ ಗಂಡನ ರಕ್ತಪರೀಕ್ಷೆ, ಮಗಳ ಇಂಟರ್‌ವ್ಯೂ, ನನ್ನ ಎದೆಯ ಗಂಟು. ನಾನು ಹೆದರಿದ್ದು ಒಂದೂ ನಿಜವಾಗಲಿಲ್ಲ. “ನೋಡಿದಿರಾ?” ಎಂಬ ಅವರ ನಗುವಿಗೆ ಮೈಯೆಲ್ಲ ಉರಿಯುತ್ತಿತ್ತು. ಬರೆದು ಹಾಕಿದ ಮೇಲೆ ಎದೆ ಹಗುರಾಗುತ್ತಿತ್ತು ಎಂಬುದನ್ನು ಮಾತ್ರ ನಾನು ಬಾಯಿಬಿಡಲಿಲ್ಲ.

ಮೇಷ್ಟ್ರು ತಮ್ಮ ಪಿತ್ತಕೋಶದ ಕಲ್ಲು ತೆಗೆಸಲು ಆಸ್ಪತ್ರೆಗೆ ಹೊರಟ ಬೆಳಿಗ್ಗೆಯೂ ಬಾಟಲಿ ಹಿಡಿದೇ ನಮ್ಮ ಬಾಗಿಲಿಗೆ ಬಂದರು.

“ಬರೀರಿ ತಾಯಿ, ನನಗೇನಾಗುತ್ತೆ?”

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ನನಗೂ ಸಾಕಾಗಿತ್ತು.

“ಏನೂ ಆಗಲ್ಲ, ಹೋಗ್ಬನ್ನಿ ಸರ್.”

“ಪಾಸಾದ್ರಿ!” ಎಂದು ಬಾಟಲಿಯನ್ನು ನನ್ನ ಕೈಗೇ ಕೊಟ್ಟು, ನಗುತ್ತಲೇ ಮೆಟ್ಟಿಲಿಳಿದರು.

ಅವರು ವಾಪಸ್ಸು ಬರಲಿಲ್ಲ.

ಬರೆದ ಭಯ ಒಂದೂ ನಡೆಯಲಿಲ್ಲ. ಬರೆಯದ ದಿನವೇ... ಅವತ್ತು ಎರಡು ಸಾಲು ಗೀಚಿದ್ದರೆ ಬದುಕುತ್ತಿದ್ದರೇನೋ ಎಂಬ ಯೋಚನೆ ಇವತ್ತಿಗೂ ಬಿಟ್ಟಿಲ್ಲ. ಶುದ್ಧ ಹುಚ್ಚು ಅಂತ ಗೊತ್ತು. ಭಯ ಬಿಡಿಸಲು ಕೊಟ್ಟ ಚೀಟಿಯನ್ನು ತಾಯತ ಮಾಡಿಕೊಂಡಿರಲ್ಲ ಎಂದು, ಇದನ್ನು ಕೇಳಿದ್ದರೆ ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು.

ಈಗಲೂ ಮಗಳು ಬಸ್ಸು ಹತ್ತಿದ ದಿನ ಚೀಟಿ ಬರೆದು ಅದೇ ಹಳೇ ಬಾಟಲಿಗೆ ಹಾಕುತ್ತೇನೆ. ಆಧಾರ ಏನಮ್ಮಾ ಎಂದು ಕೇಳಿ ತಲೆ ತಿನ್ನುವವರು ಇಲ್ಲ. ಇದ್ದಿದ್ದರೆ, “ನೀವೇ ಸರ್” ಎನ್ನುತ್ತಿದ್ದೆ.