ಗಾಜಿಗೆ ಹತ್ತಿದ ಅಕ್ಷತೆ

ಕಾಕಾರ ಹಣೆಯ ಅಂಗಾರ, ಅಕ್ಷತೆ ಎರಡೂ ಕಂಪ್ಯೂಟರಿನ ಪರದೆಗೆ ಹತ್ತಿದ್ದವು. ಅಂಗಾರದ ಒಂದು ಕರಿ ಗೆರೆ, ಅದರ ಕೆಳಗೆ ಅಕ್ಷತೆಯ ಕೆಂಪು ಬೊಟ್ಟು. ಹಣೆ ಗಾಜಿಗೆ ತಾಗುವಷ್ಟು ಬಗ್ಗದೆ ಆ ಗುರುತು ಬೀಳುವುದಿಲ್ಲ.

ಅವರು ನನಗೆ ಸಂಬಂಧಿಕರಲ್ಲ. ಸವಣೂರಿನ ತಾಲೂಕು ಕಚೇರಿ ಎದುರು ಅರ್ಜಿ, ಆಸ್ತಿ ಪಾಲಿನ ವಾಟ್ನಿಪತ್ರ ಟೈಪ್ ಮಾಡಿಕೊಡುತ್ತಿದ್ದರು. ನಾನು ಒಂದು ಸ್ಕ್ರೂಡ್ರೈವರ್ ಹಿಡಿದು ಊರಿಗೆ ಬಂದಾಗ ತಮ್ಮ ಮೇಜಿನ ಅರ್ಧ ಬಿಟ್ಟುಕೊಟ್ಟರು. ಇವತ್ತು ಹಾನಗಲ್ಲಿನಲ್ಲೂ ಶಿಗ್ಗಾಂವಿಯಲ್ಲೂ ಹಳೆ ಕಂಪ್ಯೂಟರ್ ಮಾರುವ ನನ್ನ ಅಂಗಡಿಗಳಿವೆ.

ಅವರ ಪರದೆ ಹಳೆಯದು, ಅಕ್ಷರ ಜೋಳದ ಕಾಳಿನಷ್ಟು. ಹೆಚ್ಚು ಪಿಕ್ಸೆಲ್, ಅಂದರೆ ಹೆಚ್ಚು ಚುಕ್ಕಿಗಳ ಹೊಸದು ತರೋಣ ಎಂದರೆ, ಮೊಣಕೈ ಮೇಜಿನಂಚಿಗೆ ಊರಿ, ಬೆರಳ ತುದಿ ಗಾಜಿಗೆ ಮುಟ್ಟಿಸಿ ತೋರಿಸುತ್ತಿದ್ದರು. "ಈ ಒಂದು ಮೊಳ ದೂರದಿಂದ ಒತ್ತಕ್ಷರ ಕಂಡ್ರ ಮುಗೀತೋ. ನಿನ್ನ ಹೆಚ್ಚಿನ ಚುಕ್ಕಿ ತೊಗೊಂಡು ಏನ್ ಮಾಡ್ಲಿ, ಊಟಕ್ಕ ಹಚ್ಚಿಕೊಳ್ಳಲೇನು?"

ನಾನು ಕೇಳಲಿಲ್ಲ. ನಾಲ್ಕು ಪಟ್ಟು ಚುಕ್ಕಿಗಳ ಪರದೆ ತಂದು ಕೂಡಿಸಿದೆ. ಹಳೆಯದು ಅಕ್ಕಿಆಲೂರಿನ ರೈಸ್ ಮಿಲ್ಲಿಗೆ ಹೋಯಿತು. ಅವರ ಹಳೆ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಅಕ್ಷರ ಹೊಸ ಪರದೆಯಲ್ಲಿ ಸಾಸಿವೆಯಾಯಿತು. ದೊಡ್ಡದು ಮಾಡಿದರೆ ಮಂಜು ಮಂಜು. "ರೂಢಿ ಆಗ್ತೈತಿ ಬಿಡ್ರಿ ಕಾಕಾ" ಅಂದು ಎದ್ದುಬಂದೆ. ಅವರು ದೂರಲಿಲ್ಲ. ಬಂದವರಿಗೆಲ್ಲ, "ನಮ್ಮಂವ ತಂದಾನ" ಎಂದು ತೋರಿಸಿದರಂತೆ.

ಹಿರೇಬೆಂಡಿಗೇರಿಯ ಅಣ್ಣತಮ್ಮಂದಿರ ವಾಟ್ನಿಪತ್ರದಲ್ಲಿ ಸರ್ವೆ ನಂಬರಿನ ಮೂರು, ಎಂಟಾಯಿತು. ಅಣ್ಣ ಎಲ್ಲರೆದುರು ಕೇಳಿದ: "ಕಾಕಾರ, ಕುಂತಲ್ಲೇ ನನ್ನ ಹೊಲಾ ಮಂದೀಗೆ ಕೊಟ್ಟಬಿಟ್ರೇನ್ರಿ?" ನಗೆ ಎದ್ದಿತು. ಕಾಗದವನ್ನು ಅಲ್ಲೇ ತಿದ್ದಿದರು. ಆದರೆ ಮರುದಿನದಿಂದ ಜನ ಪಕ್ಕದ ಮೇಜಿಗೆ ಹೋದರು.

ಸುದ್ದಿ ಕೇಳಿ ಓಡಿ ಬಂದಾಗ ನಾನು ಕಂಡದ್ದು ಆ ಅಕ್ಷತೆಯ ಗುರುತು.

ಹಳೆ ಪರದೆ ವಾಪಸು ತರಲು ಅಕ್ಕಿಆಲೂರಿಗೆ ಹೋದೆ. ಮಿಲ್ಲಿನವರು, "ಅದು ಒಡದು ಹೋತಲ್ರಿ" ಅಂದರು. ಹುಚ್ಚನಂತೆ ಊರೂರು ಅಲೆದೆ. ಕಡೆಗೆ ಹಿರೇಕೆರೂರಿನಲ್ಲಿ ಮುಚ್ಚಿದ ಟೈಪಿಂಗ್ ಕ್ಲಾಸೊಂದರಲ್ಲಿ ಅಂಥದ್ದೇ ಸಿಕ್ಕಿತು. ಜೀವನದಲ್ಲಿ ಮೊದಲ ಸಲ ಚೌಕಾಸಿ ಮಾಡಲಿಲ್ಲ.

ಕಾಕಾ ಮೊಣಕೈ ಊರಿ ನೋಡಿದರು. "ಕಾಣಸ್ತದೋ, ಎಲ್ಲಾ ಕಾಣಸ್ತದ." ಆಮೇಲೆ ಖಾಲಿ ಬೆಂಚಿನ ಕಡೆ ತಿರುಗಿ, "ಮಂದಿ ಒಬ್ರೂ ಇಲ್ಲ" ಅಂದರು.

ಹತ್ತರಿಂದ ಐದರವರೆಗೆ ಪರದೆ ಚಾಲೂ ಮಾಡಿಕೊಂಡು ಕೂಡುತ್ತಿದ್ದರು. ತಾಳಲಾರದೆ ನಾನೇ ಇಬ್ಬರನ್ನು ಸುಳ್ಳು ಕೆಲಸ ಹೇಳಿ ಕಳಿಸಿದೆ. ಕಾಕಾ ಎರಡೇ ಪ್ರಶ್ನೆಯಲ್ಲಿ ಸುಳ್ಳನ್ನು ಗುರುತು ಹಿಡಿದು, "ಅವಂಗ ಹೇಳ್ರಿ, ಇಲ್ಲದ ತಕರಾರಿಗೆ ನಾ ಅರ್ಜಿ ಬರ್ಯಂಗಿಲ್ಲ" ಎಂದು ವಾಪಸು ಅಟ್ಟಿದರು. ಆ ಚಳಿಗಾಲ ಅವರು ದಾಟಲಿಲ್ಲ.

ಪರದೆ ಕೊಳ್ಳುವವರು ಚುಕ್ಕಿ ಎಷ್ಟು ಎಂದು ಕೇಳಬೇಡಿ. ಮೊಣಕೈ ಊರಿ, ನಿಮ್ಮ ಕೆಲಸದ್ದೇ ಒಂದು ಹಾಳೆ ತೆರೆಸಿ ಓದಿ. ಬೆನ್ನು ಬಗ್ಗದೆ ಓದಲು ಬಂದರೆ ಸಾಕು, ಅದಕ್ಕಿಂತ ಹೆಚ್ಚಿನದು ನಮ್ಮಂಥ ಮಾರುವವರ ಮಾತು. ನನ್ನ ಅಂಗಡಿಯಲ್ಲಿ ಮೊದಲು ಇದನ್ನೇ ಮಾಡಿಸುತ್ತೇನೆ.

ಕಾಕಾರಿಗೆ ನಾನು ಮೊದಲು ಕೊಟ್ಟಿದ್ದ, ಅಕ್ಷತೆ ಹತ್ತಿದ ಪರದೆ ಈಗ ನನ್ನಲ್ಲೇ ಇದೆ. ಕೊಳ್ಳಲು ಕೇಳಿದವರು ಬಹಳ. ಒರೆಸಿ ಕೊಡಲು ಒದ್ದೆ ಬಟ್ಟೆ ಎಷ್ಟೋ ಸಲ ಕೈಗೆ ತೆಗೆದುಕೊಂಡಿದ್ದೇನೆ. ಗಾಜಿನವರೆಗೆ ಕೈ ಹೋಗುವುದಿಲ್ಲ.